ಮಾವ ಬರೆದ ಸಾಲು ಸರಿಪಡಿಸುವ ಪ್ರೋಗ್ರಾಮು

ನನ್ನ ಸೋದರಮಾವನ ಎದುರು ಸೊಟ್ಟಗೆ ನಿಲ್ಲಲು ದೇವರಿಗೂ ಧೈರ್ಯವಿಲ್ಲ! ಸಂಪಿಗೆ ಊರಿನ ದೇವಸ್ಥಾನದಲ್ಲಿ ಕೈ ಮುಗಿಯುವ ಮೊದಲು, ಬಾಗಿಲಲ್ಲಿ ಬಿಟ್ಟ ಊರವರ ಚಪ್ಪಲಿಗಳನ್ನೆಲ್ಲ ಸಾಲಾಗಿ ಜೋಡಿಸಿದವರು ಅವರು. ದಂಡಿನಶಿವರದ ತೋಟದಲ್ಲಿ ತೆಂಗಿನ ಸಸಿ ನೆಡಲು ಹಗ್ಗ ಹಿಡಿದರೆಂದರೆ, ಆಳುಗಳು ಊಟ ಮುಗಿಸಿ ಬಂದರೂ ಮೊದಲ ಗುಂಡಿಯ ಜಾಗ ಗೊತ್ತಾಗಿರುತ್ತಿರಲಿಲ್ಲ.

"ಒಂದು ಗೇಣು ಈಚೆ ನೆಟ್ರೆ ಕಾಯಿ ಬಿಡಲ್ವಾ?" ಎಂದರು ಅತ್ತೆ.

"ಬಿಡ್ತದೆ ಕಣೇ. ಆದ್ರೆ ಮರಕ್ಕೇ ನಾಚಿಕೆ ಆಯ್ತದೆ!"

ಇಂಥವರು ತಿಪಟೂರಿನ ಕಾಲೇಜೊಂದರಲ್ಲಿ ಅಧ್ಯಾಪಕರು. ಎಂಬತ್ತರ ದಶಕದ ಕೊನೆಯಲ್ಲಿ ನಾನೂ ಎಂ.ಎಸ್ಸಿ. ಮುಗಿಸಿ ಅಲ್ಲಿಗೇ ಸೇರಿದೆ. ಕಾಲೇಜಿನ ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಮನ್ನು ನಾವೇ ಬರೆಯುವ ಹುಚ್ಚು ಆಗ ಎಲ್ಲರಿಗೂ ಹಿಡಿದಿತ್ತು. ಯಾವ ಕೆಲಸಕ್ಕೆ ಯಾವಾಗ ಸರದಿ ಎಂದು ತೀರ್ಮಾನಿಸುವುದೇ ಅದರ ಮುಖ್ಯ ಭಾಗ. ಅದನ್ನು ನಾನು ಬರೆದಿದ್ದೆ, ಗಂಡಸು ಸಹೋದ್ಯೋಗಿಯೊಬ್ಬರೂ ಬರೆದಿದ್ದರು.

"ಆ ಹುಡುಗಿ ಪ್ರಿಂಟರ್ ಕೆಲಸ ನೋಡ್ಕಳ್ಲಿ ಬುಡಿ" ಎಂದರು ವಿಭಾಗದ ಮುಖ್ಯಸ್ಥರು. ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡುವವಳು ನಾನೊಬ್ಬಳೇ ಆದ್ದರಿಂದ, ನನ್ನದನ್ನು ಅವರು ದೂರದಿಂದಲೇ ಗುರುತಿಸಿ ಪಕ್ಕಕ್ಕಿಡುತ್ತಿದ್ದರು. ಓದುವ ಶ್ರಮವೇ ಇಲ್ಲ!

ಅದೇ ವಾರ ಮಾವ ಒಂದು ಕೆಲಸ ಹಚ್ಚಿಕೊಂಡರು. ಯಾರ ಪ್ರೋಗ್ರಾಮು ಕೊಟ್ಟರೂ ಅಂಚು, ಅಂತರ, ಹೆಸರುಗಳ ಮಾದರಿ ಎಲ್ಲವನ್ನೂ ತಾನೇ ಒಂದೇ ತೆರನಾಗಿ ತಿದ್ದಿಬಿಡುವ ಇನ್ನೊಂದು ಪ್ರೋಗ್ರಾಮನ್ನು ಬರೆಯಲು ಕೂತರು. ಮೊದಲ ಪ್ರಯೋಗವೇ ಅನಾಹುತ! ಕಂಪ್ಯೂಟರ್ ಶುರುವಾದಾಗ ತೆರೆಯ ಮೇಲೆ ಚುಕ್ಕಿಗಳ ತೆಂಗಿನ ಮರವೊಂದು ಮೂಡುತ್ತಿತ್ತು. ಆ ಚಿತ್ರದ ಖಾಲಿ ಜಾಗಗಳನ್ನೂ ಮಾವನ ಪ್ರೋಗ್ರಾಮು ಅಳಿಸಿ, ಚುಕ್ಕಿಗಳನ್ನೆಲ್ಲ ಎಡ ಅಂಚಿಗೆ ಒತ್ತಿಬಿಟ್ಟಿತು.

"ಸಾ, ಮರ ಬಿದ್ದೋಯ್ತಲ್ಲ! ಗಾಳಿ ಬಂದಿತ್ತಾ?" ಎಂದ ಅಟೆಂಡರ್.

"ತೆರೆ ಮೇಲೆ ಕಾಣೋದನ್ನ ಮುಟ್ಬೇಡ ಅಂತ ಅದಕ್ಕೆ ಹೇಳೋದೇ ಮರ್ತೆ ಕಣಪ್ಪ!"

ಅದನ್ನೂ ಹೇಳಿಕೊಟ್ಟರು. ಯಾರದನ್ನು ಇಟ್ಟುಕೊಳ್ಳುವುದೆಂದು ತೀರ್ಮಾನಿಸುವ ಸಭೆಯ ದಿನ, ನಾವಿಬ್ಬರು ಬರೆದ ಸರದಿಯ ಭಾಗಗಳನ್ನು ಅದರಿಂದ ತಿದ್ದಿಸಿ ಮುಖ್ಯಸ್ಥರ ಮುಂದಿಟ್ಟರು. ಹೆಸರಿಲ್ಲ, ಗುರುತಿಲ್ಲ, ಅವಳಿಗಳ ಹಾಗಿದ್ದವು. ಪಾಪ, ಮುಖ್ಯಸ್ಥರು ಓದಲೇಬೇಕಾಯಿತು! ಕೊನೆಗೆ ಒಂದನ್ನು ಎತ್ತಿ ಹಿಡಿದರು.

"ಇದೇ ಇರ್ಲಿ. ಗಂಡಸು ಬರೆದಿರೋದು ಅಂತ ನೋಡಿದ್ರೇ ಗೊತ್ತಾಗ್ತದೆ ಕಣ್ರೀ!"

"ಆ ಗಂಡಸು ನಮ್ಮಕ್ಕನ ಮಗಳು" ಎಂದರು ಮಾವ.

ಕೋಣೆಯಲ್ಲಿ ಎದ್ದ ನಗು ಕಾರಿಡಾರಿನ ಕೊನೆಯವರೆಗೂ ಕೇಳಿಸಿತಂತೆ. ಸರದಿಯ ಭಾಗ ನನ್ನದಾಯಿತು.

ಹೊರಗೆ ಬಂದಾಗ ಕೇಳಿದೆ, "ಇದಕ್ಕೇ ಬರೆದ್ರಾ ಮಾವ?"

"ಛೆ! ಪ್ರೋಗ್ರಾಮು ನೀಟಾಗಿರ್ಲಿ ಅಂತ ಅಷ್ಟೇ ಕಣಮ್ಮ" ಎಂದು ಮುಖ ತಿರುಗಿಸಿದರು.

ಆಗ ನೋಡಿದೆ ಅವರ ಅಂಗಿಯನ್ನು. ಬೆಳಗ್ಗೆ ಯಾವ ಆತಂಕದಲ್ಲಿ ಹಾಕಿಕೊಂಡಿದ್ದರೋ, ಕುತ್ತಿಗೆಯಿಂದ ಕೆಳಗಿನವರೆಗೆ ಪ್ರತಿ ಗುಂಡಿಯೂ ತನ್ನದಲ್ಲದ ಕಾಜಕ್ಕೆ ಸಿಕ್ಕಿ ಅಂಗಿ ಸೊಟ್ಟಗಾಗಿತ್ತು. ಹೇಳಲು ನನಗೆ ಮನಸ್ಸಾಗಲಿಲ್ಲ. ಅವರ ಪಕ್ಕದಲ್ಲಿ ಬಸ್ ಸ್ಟ್ಯಾಂಡಿನವರೆಗೂ ನಡೆದೆ.