ಒಬ್ಬರೇ ನಿಲ್ಲಿಸಬಹುದಾದ ಮಂಟಪ

ಭಾನುವಾರ ಬೆಳಿಗ್ಗೆ ಕೊಡೆಯಣ್ಣ ಹೆಂಡತಿಗೆ ಹೇಳಿದ್ದು ಇಷ್ಟೇ: "ಇವತ್ತು ಅಂಗಳದಲ್ಲಿ ನನ್ನ ಹತ್ತಿರ ಯಾರೂ ಬರದ ಹಾಗೆ ನೋಡ್ಕೋ. ನಾನು ಒಬ್ಬನೇ ಇರ್ಬೇಕು." ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಗೊತ್ತಿದ್ದರೆ ಅವನು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದ.

ಕೊಡೆಯಣ್ಣ ಎನ್ನುವುದು ಅಕ್ಕಪಕ್ಕದವರು ಇಟ್ಟ ಹೆಸರು. ತೋಟದ ಕೊಡೆ, ಮಡಿಚುವ ಕುರ್ಚಿ, ಬಯಲಿನಲ್ಲಿ ನೆರಳಿಗೆ ನಿಲ್ಲಿಸುವ ಗೆಜೆಬೊ ಇಂಥವನ್ನು ಮಾಡುವ ಕಾರ್ಖಾನೆಯಲ್ಲಿ ಅವನು ನಕ್ಷೆ ಬರೆಯುವವನು. ಗೆಜೆಬೊ ಎನ್ನಲು ನಾಲಿಗೆ ಹೊರಳದವರು ಅದನ್ನು ಮಂಟಪ ಎನ್ನುತ್ತಿದ್ದರು. ಕೊನೆಗೆ ಅವನೂ ಹಾಗೇ ಅನ್ನತೊಡಗಿದ್ದ.

ಅವನು ನಕ್ಷೆ ಬರೆದ ಮೊದಲ ಮಂಟಪ ಕಾರ್ಖಾನೆಗೆ ಹೆಸರು ತಂದಿತ್ತು, ಅವನ ಭಾನುವಾರಗಳನ್ನು ನುಂಗಿತ್ತು. ಅದರ ಕೊಳವೆಗಳೆಲ್ಲ ನೋಡಲು ಅವಳಿ ಮಕ್ಕಳ ಹಾಗೆ ಒಂದೇ ತರ. ಉದ್ದದಲ್ಲಿ ಮಾತ್ರ ಬೆರಳಗಲ ಹೆಚ್ಚುಕಡಿಮೆ. ನಿಲ್ಲಿಸಲು ಏಳೆಂಟು ಜನ ಬೇಕು, ಯಾವ ಕೊಳವೆ ಎಲ್ಲಿಗೆ ಎಂದು ಹೇಳಲು ಕೊಡೆಯಣ್ಣನೇ ಬೇಕು. ಕೊಂಡವರು ಯಜಮಾನರಿಗೆ ಫೋನ್ ಮಾಡುವರು, ಯಜಮಾನರು ಇವನಿಗೆ ಮಾಡುವರು. ಜನಕ್ಕೆ ಮಂಟಪ ಬೇಕಾಗುವುದು ರಜಾ ದಿನವೇ ಆದ್ದರಿಂದ ಭಾನುವಾರವೆಂದರೆ ಅವನು ಯಾರದೋ ಹುಲ್ಲುಹಾಸಿನ ಮೇಲೆ ಮಂಡಿಯೂರಿರುತ್ತಿದ್ದ.

"ಮದುವೆ ಆದ್ಮೇಲೆ ನೀವು ಮನೇಲಿದ್ದ ಒಂದೇ ಒಂದು ಭಾನುವಾರ ನೆನಪಿದೆ ನನಗೆ," ಎಂದು ಹೆಂಡತಿ ಒಮ್ಮೆ ಹೇಳಿದ್ದಳು. "ಅವತ್ತು ನಿಮಗೆ ಜ್ವರ ಬಂದಿತ್ತು."

ಅದಕ್ಕೇ ಅವನು ಹಟ ಹಿಡಿದು ಹೊಸ ಚೌಕಟ್ಟು ಮಾಡಿದ್ದ. ಬಿಡಿ ಕೊಳವೆಯೇ ಇಲ್ಲ. ನಾಲ್ಕು ಕಾಲು, ಅವುಗಳ ನಡುವೆ ಕತ್ತರಿಯಂತೆ ಹೆಣೆದ ಪಟ್ಟಿಗಳು, ಅವೆಲ್ಲ ಬಂದು ಸೇರುವ ಮಧ್ಯದಲ್ಲಿ ಗಾಡಿಚಕ್ರದ ನಡುವಿನಂಥ ಒಂದು ಗುಂಬ. ಒಳಗೆ ನಿಂತು ಗುಂಬವನ್ನು ಮೇಲಕ್ಕೆ ಒತ್ತಿದರೆ ನಾಲ್ಕೂ ಕಾಲು ಸಮನಾಗಿ ಹೊರಕ್ಕೆ ಸರಿದು, ಮೂಲೆಗಳು ಟಕ್ಕೆಂದು ಬಿಗಿದುಕೊಂಡು, ಮಂಟಪ ಕೊಡೆಯಂತೆ ಬಿಚ್ಚಿಕೊಳ್ಳುತ್ತಿತ್ತು. ಒಬ್ಬರು ಸಾಕು. ಸಾಕು ಎನ್ನುವುದಕ್ಕಿಂತ, ಒಬ್ಬರೇ ಇರಬೇಕು. ಬಿಚ್ಚಿಕೊಳ್ಳುವಾಗ ಯಾರಾದರೂ ಒಂದು ಕಾಲು ಹಿಡಿದರೆ ಆ ಮೂಲೆ ಅಲ್ಲೇ ನಿಂತು, ಮಿಕ್ಕ ಮೂರು ಮುಂದೆ ಹೋಗಿ, ಪಟ್ಟಿಗಳು ಒಂದನ್ನೊಂದು ಕಚ್ಚಿಕೊಂಡು, ಇಡೀ ಮಂಟಪ ಮುನಿಸಿಕೊಂಡ ಒಂಟೆಯ ಹಾಗೆ ಅರ್ಧಕ್ಕೇ ಕೂತುಬಿಡುತ್ತಿತ್ತು.

"ಭಾನುವಾರ ಸಂಜೆ ವಾಕಿಂಗ್ ಸಂಘದ ಅಧ್ಯಕ್ಷೆಯನ್ನ ಕರ್ಕೊಂಡು ಬರ್ತೀನಿ, ಅವರಿಗೊಂದು ಮಂಟಪ ಬೇಕಂತೆ," ಎಂದಿದ್ದರು ಯಜಮಾನರು. "ಕಾರ್ಖಾನೆ ಮುಂದೆ ಸಿಮೆಂಟ್ ಹಾಕಿದಾರೆ, ಇನ್ನೂ ಹಸಿ ಇದೆ, ನಿಮ್ಮ ಅಂಗಳದಲ್ಲೇ ತೋರಿಸು. ಅವರು ಒಪ್ಪಿದ್ರೆ ಹಳೇದನ್ನ ಮಾಡೋದೇ ಬಿಟ್ಬಿಡೋಣ. ಆಮೇಲೆ ನಿನ್ನ ಭಾನುವಾರ ನಿನ್ನದು."

ತೊಡಕಿದ್ದದ್ದು ಆ ಅಂಗಳದಲ್ಲೇ. ಸುತ್ತ ಮನೆಗಳು, ಎಲ್ಲ ಕಿಟಕಿಗಳೂ ಅದರತ್ತಲೇ. ಒಬ್ಬರು ಭಾರ ಎತ್ತುತ್ತಿದ್ದರೆ ನೋಡಿಕೊಂಡು ಸುಮ್ಮನಿರುವುದು ಅಲ್ಲಿ ಯಾರಿಗೂ ಬಾರದ ವಿದ್ಯೆ. ಶನಿವಾರ ಅವನು ಗುಂಬಕ್ಕೆ ಕೈ ಕೊಟ್ಟಾಗಲೆಲ್ಲ ಎಲ್ಲಿಂದಲೋ ಒಂದು ಕೈ ಬಂದು ಕಾಲು ಹಿಡಿಯಿತು. ಮೊದಲು ಕೆಳಮನೆಯ ನಿವೃತ್ತ ಮೇಷ್ಟ್ರು, ಆಮೇಲೆ ನಲ್ಲಿ ರಿಪೇರಿಯವನು, ಕೊನೆಗೆ ಮೇಲ್ಮನೆಯ ದರ್ಜಿ ಅಕ್ಕ. ಮಂಟಪ ಮೂರು ಸಲವೂ ಒಂಟೆಯಾಯಿತು. ಬೈಯೋಣವೆಂದರೆ ಬಾಯಿ ಬರಲಿಲ್ಲ. ಹಿಂದಿನ ವರ್ಷ ಅವನ ಕಾಲು ಉಳುಕಿದ್ದಾಗ ಕುರ್ಚಿ ಸಮೇತ ಮೆಟ್ಟಿಲು ಇಳಿಸಿ ಆಸ್ಪತ್ರೆಗೆ ಕರೆದೊಯ್ದು ಮತ್ತೆ ಹೊತ್ತು ತಂದಿದ್ದು ಇದೇ ಕೈಗಳು. ಅದಕ್ಕೇ ಅವರನ್ನು ದೂರವಿಡುವ ಕೆಲಸವನ್ನು ಹೆಂಡತಿಗೆ ಒಪ್ಪಿಸಿದ್ದ.

ಅವಳು ಹಾಲು ಉಕ್ಕುವ ಹೊತ್ತಿನಲ್ಲಿ, ಒಂದು ಕಣ್ಣು ಒಲೆಯ ಮೇಲಿಟ್ಟುಕೊಂಡು, ಬಾಗಿಲಿಗೆ ಬಂದ ದರ್ಜಿ ಅಕ್ಕನಿಗೆ ಅವನ ಮಾತು ತಲುಪಿಸಿದಳು.

"ಅಣ್ಣ ಇವತ್ತೂ ಬೆಳಿಗ್ಗೆನೇ ಅಂಗಳದಲ್ಲಿ ಏನೋ ಕಟ್ತಿದಾರಲ್ಲಮ್ಮಾ?"

"ಅವರನ್ನ ಅವರ ಪಾಡಿಗೆ ಬಿಟ್ಬಿಡಿ ಅಕ್ಕ. ಒಬ್ಬರೇ ಇರ್ಬೇಕಂತೆ."

"ಒಬ್ಬರೇ ಅಂದ್ರೆ? ನೀನು?"

"ನಾನೂ ಹೋಗಲ್ಲ. ಯಾರೂ ಹೋಗ್ಬಾರದು."

ದರ್ಜಿ ಅಕ್ಕನ ದನಿ ಇಳಿಯಿತು. "ಹೀಗೆ ಎಷ್ಟು ದಿನ?"

"ಸಂಜೆ ಗೊತ್ತಾಗುತ್ತೆ. ಹಿರಿಯರೊಬ್ಬರು ಬರ್ತಿದಾರೆ. ಎಲ್ಲಾ ಸರಿಹೋದ್ರೆ ಮುಂದಿನ ಭಾನುವಾರದಿಂದ ಮನೇಲೇ ಇರ್ತಾರೆ," ಎಂದು ಹೇಳಿ ಅವಳು ಹಾಲಿನತ್ತ ಓಡಿದಳು.

ಆ ಬೆಳಿಗ್ಗೆ ಬಹಳ ಹೊತ್ತು ದರ್ಜಿ ಅಕ್ಕನ ಹೊಲಿಗೆ ಯಂತ್ರದ ಸದ್ದು ಕೇಳಲಿಲ್ಲ; ಸುದ್ದಿ ಮಾತ್ರ ಬಾಗಿಲಿಂದ ಬಾಗಿಲಿಗೆ ದಾಟಿತು.

ಮೊದಲು ಬಂದವರು ಮೇಷ್ಟ್ರು. ಕಂಕುಳಲ್ಲಿ ಒಂದು ದಿಂಬು. "ಹತ್ತಿಯದು," ಎಂದರು ಮೆಲ್ಲಗೆ. "ಹೊಸ ಜಾಗ ಅಂದ್ರೆ ಕುತ್ತಿಗೆ ಹಿಡ್ಕೊಳ್ಳುತ್ತೆ." ಕಾಲು ಹಿಡಿಯದೆ, ದಿಂಬಿಟ್ಟು ಹೊರಟುಹೋದರು.

ಮಂಟಪವನ್ನು ಅಂದಗಾಣಿಸಲು ಕೊಟ್ಟಿದ್ದಾರೆ ಎಂದುಕೊಂಡ ಕೊಡೆಯಣ್ಣನ ಮನಸ್ಸು ಕರಗಿತು. ದರ್ಜಿ ಅಕ್ಕ ಅಂಚು ಹೊಲಿದ ಹೊದಿಕೆ ತಂದಳು. "ಗಟ್ಟಿ ಇದೆ ಅಣ್ಣ. ಬೆಳಗಿನ ಜಾವ ಬೇಕಾಗುತ್ತೆ." ಸಂಜೆ ಬರುವ ಅಧ್ಯಕ್ಷೆಗೆ ಬೆಳಗಿನ ಜಾವ ಹೊದಿಕೆ ಯಾಕೆ ಎಂದು ಅವನಿಗೆ ತಿಳಿಯಲಿಲ್ಲ. ಆದರೂ ಮನಸಾರೆ ಉಪಕಾರ ಹೇಳಿದ. ಆಮೇಲೆ ನಲ್ಲಿ ರಿಪೇರಿಯವನು ಬಕೆಟ್ಟು, ಮಗ್ಗು ಹಿಡಿದು ಬಂದ. ಅಂಗಳವನ್ನು ಒಮ್ಮೆ ಅಳೆದ ಹಾಗೆ ನೋಡಿದ.

"ಅಣ್ಣ, ಗೋಡೆ ಕಡೆಯಿಂದ ಒಂದು ನಲ್ಲಿ ಎಳೆದು ಕೊಡ್ಲಾ?"

"ಮಂಟಪಕ್ಕೆ ನಲ್ಲಿ ಯಾಕಪ್ಪಾ?"

"ಸಂಜೆ ರಾಜಿ ಆಗದಿದ್ರೆ ಬೇಕಲ್ಲ."

"ಯಾರ ರಾಜಿ?"

ನಲ್ಲಿಯವನು ಮೇಷ್ಟ್ರ ಕಿಟಕಿಯತ್ತ ನೋಡಿದ. ಮೇಷ್ಟ್ರು ಆಗಲೇ ಹೊರಗೆ ಬಂದಾಗಿತ್ತು. "ನೋಡಪ್ಪಾ, ಸಂಸಾರದಲ್ಲಿ ಯಾರಾದ್ರೂ ಒಬ್ಬರು ಸೋಲ್ಬೇಕು. ನೀನೇ ಸೋತು ಮೇಲೆ ಹೋಗಿ ತಪ್ಪಾಯ್ತು ಅಂದ್ಬಿಡು. ಡೇರೆ ಹಾಕ್ಕೊಂಡು ಅಂಗಳದಲ್ಲಿ ಬಿದ್ದಿರೋದು ಚೆನ್ನಾಗಿರಲ್ಲ."

ವಿಷಯ ಬಿಡಿಸಿಕೊಳ್ಳಲು ಹೆಂಡತಿಯನ್ನೇ ಕೆಳಗೆ ಕರೆಯಬೇಕಾಯಿತು. ಅವಳು ದಿಂಬು, ಹೊದಿಕೆ, ಬಕೆಟ್ಟುಗಳನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹೊರಗೆ ಹಾಕ್ಬೇಕು ಅಂದ್ರೆ ಮೊದಲು ಅವರು ಮನೆಯೊಳಗೆ ಇರ್ಬೇಕಲ್ಲ ಮೇಷ್ಟ್ರೇ."

ಕೊಡೆಯಣ್ಣ ಆಗ ನಿಜ ಹೇಳಿದ. ಸಂಜೆಯ ಪರೀಕ್ಷೆ, ಭಾನುವಾರಗಳ ಮಾತು, ಕಾಲು ಹಿಡಿದರೆ ಆಗುವ ಅನಾಹುತ, ಎಲ್ಲವನ್ನೂ. ಕೇಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಂದ್ರೆ ನೆನ್ನೆ ಕೆಡಿಸಿದ್ದು ನಾವೇನಾ?" ಎಂದರು ಮೇಷ್ಟ್ರು.

"ಕೆಡಿಸಿದ್ದಲ್ಲ, ಸಹಾಯ ಮಾಡಿದ್ದು."

"ಸಂಜೆ ನಾವು ಕೈ ಹಿಂದಕ್ಕೆ ಕಟ್ಕೊಂಡು ನಿಲ್ತೀವಿ. ನೋಡ್ತಾ ಇರು."

ಹಾಗೇ ನಿಂತರು. ಅಧ್ಯಕ್ಷೆ ಬಂದಾಗ ಅಂಗಳದ ಸುತ್ತ ಜನ ಕೈಯನ್ನು ಬೆನ್ನ ಹಿಂದೆ ಬಿಗಿದುಕೊಂಡು, ಶಾಲೆಯಲ್ಲಿ ಶಿಕ್ಷೆಯಾದ ಮಕ್ಕಳಂತೆ ಸಾಲಾಗಿ ನಿಂತಿದ್ದರು. ಅಧ್ಯಕ್ಷೆ ಆಸ್ಪತ್ರೆಯಲ್ಲಿ ಮುಖ್ಯ ನರ್ಸ್ ಆಗಿ ನಿವೃತ್ತರಾದವರು. ಎದುರಿಗಿದ್ದವರ ನಾಲಿಗೆ ಪರೀಕ್ಷೆಗೆಂದು ತಾನಾಗಿ ಹೊರಬರುವಂಥ ನೋಟ. "ಇವರಿಗೆಲ್ಲ ಏನಾಗಿದೆ?" ಎಂದು ಯಜಮಾನರನ್ನು ಕೇಳಿದರು. ಯಜಮಾನರು ಅದನ್ನು ಶಿಸ್ತು ಎಂದರು.

ಕೊಡೆಯಣ್ಣ ಒಳಗೆ ನುಗ್ಗಿ ಗುಂಬ ಒತ್ತಿದ. ಪಟ್ಟಿಗಳು ಸರಸರ ಬಿಚ್ಚಿಕೊಂಡವು. ಒಂದು ಕಾಲು ಕಲ್ಲಿಗೆ ತಾಗಿ ಕ್ಷಣ ತಡವರಿಸಿದಾಗ ನಲ್ಲಿಯವನ ಭುಜ ತಾನಾಗಿ ಮುಂದಕ್ಕೆ ಬಂತು. ದರ್ಜಿ ಅಕ್ಕ ಅವನ ಅಂಗಿಯ ಚುಂಗು ಹಿಡಿದೆಳೆದಳು. ಟಕ್, ಟಕ್, ಟಕ್, ಟಕ್. ಮಂಟಪ ನಿಂತಿತ್ತು. ಅಧ್ಯಕ್ಷೆ ಒಂದು ಕಾಲನ್ನು ಅಲ್ಲಾಡಿಸಿ ನೋಡಿದರು. ಅದು ಅಲ್ಲಾಡಲಿಲ್ಲ.

"ಚೆನ್ನಾಗಿದೆ," ಎಂದರು.

ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿ ಕೊಡೆಯಣ್ಣನ ಕಡೆ ನೋಡಿ ನಕ್ಕಳು. ಮುಂದಿನ ಭಾನುವಾರ ಬರುತ್ತೇವೆಂದು ಅವಳು ತಂಗಿಗೆ ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು.

ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಆದರೆ ಯಜಮಾನರು ವ್ಯಾಪಾರದವರು. "ಹಳೇದನ್ನೂ ತಂದಿದೀನಿ ಮೇಡಂ. ಪಕ್ಕದಲ್ಲಿಟ್ಟು ನೋಡಿದ್ರೆ ಇದರ ಬೆಲೆ ತಿಳಿಯುತ್ತೆ," ಎಂದು ವ್ಯಾನಿನಿಂದ ಚೀಲ ಇಳಿಸಿ ಕೊಳವೆಗಳನ್ನು ನೆಲಕ್ಕೆ ಸುರಿದರು.

ಮುಟ್ಟಬೇಡಿ ಎಂದಿದ್ದು ಹೊಸದನ್ನು. ಹಳೆಯದರ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಇಷ್ಟು ಹೊತ್ತು ಬೆನ್ನ ಹಿಂದೆ ತುರಿಸುತ್ತಿದ್ದ ಕೈಗಳೆಲ್ಲ ಒಮ್ಮೆಗೇ ಬಿಡುಗಡೆಯಾಗಿ, ಅಣೆಕಟ್ಟಿನ ಬಾಗಿಲು ತೆಗೆದಂತೆ ಜನ ಕೊಳವೆಗಳ ಮೇಲೆ ಬಿದ್ದರು.

"ಅದು ಅಲ್ಲಿಯದಲ್ಲ," ಎನ್ನುತ್ತ ಕೊಡೆಯಣ್ಣ ಆ ಮೂಲೆಗೆ ಓಡಿದ. ಅಷ್ಟರಲ್ಲಿ ಈ ಮೂಲೆಯಲ್ಲಿ ನಲ್ಲಿಯವನು ಕಾಲಿನ ಕೊಳವೆಯನ್ನು ತೊಲೆಯ ಜಾಗಕ್ಕೆ ಸಿಕ್ಕಿಸಿದ್ದ. ಯಜಮಾನರೂ ಕೋಟು ಕಳಚಿ ಒಂದು ಕೊಳವೆ ಹಿಡಿದು, ಇದು ಯಾವುದಕ್ಕೆ ಎಂದು ಕಂಡಕಂಡವರನ್ನು ಕೇಳುತ್ತಿದ್ದರು. ಉದ್ದನೆಯ ತೊಲೆಯ ಒಂದು ತುದಿ ಮೇಷ್ಟ್ರ ಕೈಗೆ ಬಂತು. ಇನ್ನೊಂದು ತುದಿ ನೋಡಿದರೆ ದರ್ಜಿ ಅಕ್ಕ. ಅವಳ ಒದ್ದೆ ಬಟ್ಟೆ ಮೇಲಿಂದ ಜಾರಿ ಅವರು ಓದುತ್ತಿದ್ದ ಪತ್ರಿಕೆಯ ಮೇಲೆ ಬಿದ್ದಂದಿನಿಂದ ಇಬ್ಬರಿಗೂ ನೇರ ಮಾತಿರಲಿಲ್ಲ.

"ಸ್ವಲ್ಪ ಎತ್ತಮ್ಮಾ."

"ನಾನು ಎತ್ತಿದೀನಿ. ನೀವೇ ಇಳಿಸ್ತಿದೀರಿ."

"ಅವತ್ತು ಬಟ್ಟೆ ಇಳಿಸಿದ್ದೂ ನಾನೇ ಅನ್ನು."

"ಅದು ಗಾಳಿ ಮೇಷ್ಟ್ರೇ."

"ಗಾಳಿ ಅಂತ ಅವತ್ತೇ ಹೇಳಿದ್ರೆ ಆಗ್ತಿರಲಿಲ್ವಾ?"

"ಹೇಳೋಕೆ ಬಂದೆ. ನೀವು ಕಿಟಕಿ ಹಾಕ್ಕೊಂಡ್ರಿ."

ಮೇಷ್ಟ್ರು ತೊಲೆಯನ್ನು ನೋಡಿದರು. "ಹಾಕ್ಕೊಂಡೆ," ಎಂದರು. "ಮಳೆ ಬರೋ ಹಾಗಿತ್ತು." ಇಬ್ಬರೂ ನಕ್ಕರು. ತೊಲೆ ಬಿತ್ತು, ಮತ್ತೆ ಎತ್ತಿದರು.

ಹಳೆಯ ಮಂಟಪ ಒಂದು ಕಡೆಗೆ ಕೊಂಚ ವಾಲಿಕೊಂಡೇ ನಿಂತಿತು. ಅದರಡಿ ಎಲ್ಲರಿಗೂ ಚಹಾ ಬಂತು. ಯಾರು ಎಲ್ಲಿ ಎಡವಟ್ಟು ಮಾಡಿದರೆಂಬುದೇ ಮಾತು, ಅದಕ್ಕೇ ನಗು. ಹೊಸ ಮಂಟಪ ಪಕ್ಕದಲ್ಲಿ ನೆಟ್ಟಗೆ ನಿಂತಿತ್ತು. ಒಳಗೆ ಒಂದು ದಿಂಬು, ಹೊದಿಕೆ, ಬಕೆಟ್ಟು.

ಅಧ್ಯಕ್ಷೆ ಲೋಟ ಕೆಳಗಿಟ್ಟರು. "ಆ ಹೊಸದನ್ನ ಒಬ್ಬರೇ ನಿಲ್ಲಿಸಬಹುದು, ಅಲ್ವಾ?"

"ಒಬ್ಬರೇ ಸಾಕು ಮೇಡಂ," ಎಂದ ಕೊಡೆಯಣ್ಣ ಹೆಮ್ಮೆಯಿಂದ. "ಇನ್ನೊಬ್ಬರು ಕೈ ಹಾಕೋ ಹಾಗೇ ಇಲ್ಲ."

"ಹಾಗಾದ್ರೆ ನಮಗೆ ಬೇಡ."

ಯಜಮಾನರು ಚಹಾದ ಲೋಟ ಹಿಡಿದೇ ಎದ್ದು ನಿಂತರು.

"ನಮ್ಮ ಸಂಘದಲ್ಲಿ ಎಲ್ಲರೂ ನಡೀತಾರೆ, ಯಾರೂ ಮಾತಾಡಲ್ಲ. ಕಿವೀಲಿ ಏನೋ ಸಿಕ್ಕಿಸಿಕೊಂಡು ಬರ್ತಾರೆ, ಹಾಗೇ ಹೋಗ್ತಾರೆ. ಒಂದ್ನಿಮಿಷ ಕೂರಲಿ ಅಂತ ಮಂಟಪ ಕೇಳಿದ್ದು ನಾನು. ಒಬ್ಬರೇ ನಿಲ್ಲಿಸಬಹುದು ಅಂದ್ರೆ ಆ ಒಬ್ಬರು ನಾನೇ ಆಗ್ತೀನಿ, ಒಳಗೆ ಕೂರೋದೂ ನಾನೊಬ್ಬಳೇ. ಈ ಹಳೇದು ಕೊಡಿ. ಪ್ರತಿ ಭಾನುವಾರ ಬಿಚ್ಚಿ ಕಟ್ಟಿಸ್ತೀನಿ." ಅವರು ಕೊಡೆಯಣ್ಣನ ಕಡೆ ತಿರುಗಿದರು. "ಇವರೂ ಬರ್ಬೇಕು. ಇವರು ಆ ಮೂಲೆಯಿಂದ ಈ ಮೂಲೆಗೆ ಓಡದಿದ್ರೆ ಅದು ನಿಲ್ಲಲ್ಲ."

"ಖಂಡಿತ ಬರ್ತಾನೆ ಮೇಡಂ," ಎಂದರು ಯಜಮಾನರು, ಕೊಡೆಯಣ್ಣ ಬಾಯಿ ತೆರೆಯುವುದರೊಳಗೆ. ಆಮೇಲೆ ಅವನನ್ನು ಬಾಚಿ ತಬ್ಬಿಕೊಂಡರು. "ನಿನ್ನ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ ಕಣಯ್ಯಾ." ಮೇಷ್ಟ್ರು ಕೈ ಕುಲುಕಿದರು. ಅವನ ಮಂಟಪದಿಂದ ತನ್ನ ಕಿಟಕಿ ತೆರೆಯಿತು ಎಂದರು. ದರ್ಜಿ ಅಕ್ಕ ಕಣ್ಣೊರೆಸಿಕೊಂಡಳು. ಅಷ್ಟು ಜನ ಅಷ್ಟು ಪ್ರೀತಿಯಿಂದ ಹೊಗಳುತ್ತಿದ್ದರೆ ಕೊಡೆಯಣ್ಣನಿಗೆ ನಿಜಕ್ಕೂ ಎದೆ ತುಂಬಿ ಬಂತು. ಅದೇ ಎದೆಯಿಂದ ಅವನು ಮೆಟ್ಟಿಲತ್ತ ತಲೆ ಎತ್ತಿದ.

"ಮುಂದಿನ ಭಾನುವಾರ?" ಎಂದಳು ಹೆಂಡತಿ.

"ಮುಂದಿನ ಭಾನುವಾರ ಮಾತ್ರ..."

"ಅದರ ಮುಂದಿನದು?"

ಅವನು ಯಜಮಾನರನ್ನು ನೋಡಿದ. ಯಜಮಾನರು ಆಕಾಶ ನೋಡಿದರು. ಮೇಲೆ ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ, ಇಡೀ ಅಂಗಳಕ್ಕೆ ಕೇಳುವ ಹಾಗೆ, ಚಿಲಕ ಬಿತ್ತು.

ಅಧ್ಯಕ್ಷೆ, ಯಜಮಾನರು ವ್ಯಾನು ಹತ್ತಿದರು. ದರ್ಜಿ ಅಕ್ಕ ಹೊಸ ಮಂಟಪದೊಳಗೆ ಹೋಗಿ ಹೊದಿಕೆ ಹರವಿದಳು. ಮೇಷ್ಟ್ರು ದಿಂಬನ್ನು ತಟ್ಟಿ ಉಬ್ಬಿಸಿದರು. ಕೊಡೆಯಣ್ಣ ತಾನೇ ನಕ್ಷೆ ಬರೆದ, ಒಂದಿಷ್ಟೂ ವಾಲದ ಸೂರಿನಡಿ ಕೂತ. ಇಂಥ ನೆರೆಹೊರೆಯವರು ಯಾರಿಗೆ ಸಿಗುತ್ತಾರೆ ಎನಿಸಿ ಅವನ ಕಣ್ಣು ಮಂಜಾಯಿತು.

"ನಿಮ್ಮ ಋಣ ಹೇಗೆ ತೀರಿಸಲಿ," ಎಂದ.

ನಲ್ಲಿಯವನು ಬಕೆಟ್ಟನ್ನು ಸ್ವಲ್ಪ ಹತ್ತಿರಕ್ಕೆ ಸರಿಸಿ, ಕಿಸೆಯಿಂದ ಅಳತೆಯ ಟೇಪು ತೆಗೆದ.

"ಅದಿರಲಿ ಬಿಡಣ್ಣ. ನಲ್ಲಿ ಯಾವ ಕಡೆ ಹಾಕ್ಲಿ?"