ಗಾಳಿ ನಿಲ್ಲದ ಗ್ರಹಗಳು

ಊರೂರು ತಿರುಗಿ ಶಾಲೆ ಮಕ್ಕಳಿಗೆ ಗ್ರಹ ತೋರಿಸುವ ಕೆಲಸ ನನ್ನದು. ಕರಿ ಬಟ್ಟೆಯ ಒಂದು ಗುಡಾರವಿದೆ, ಅದರೊಳಗಿನ ಕತ್ತಲಲ್ಲಿ ಗ್ರಹಗಳ ಚಿತ್ರ ಮೂಡಿಸುತ್ತೇನೆ. ಫ್ಯಾನು ಗಾಳಿ ಊದುತ್ತಿರುವವರೆಗೆ ಅದು ಗುಮ್ಮಟದಂತೆ ನಿಂತಿರುತ್ತದೆ. ಒಳಗೆ ಯಾರೇ ಆಗಲಿ ಅಂಬೆಗಾಲಿಟ್ಟೇ ಬರಬೇಕು. ಉಳಿದ ಪಾಠವೆಲ್ಲ ಸಲೀಸು. ಕೆಲವು ಗ್ರಹಗಳಿಗೆ ಗಾಳಿ ಯಾಕಿಲ್ಲ ಎಂಬಲ್ಲಿಗೆ ಬಂದರೆ ಮಾತ್ರ ಏನಾದರೊಂದು ಆಗೇ ಆಗುತ್ತದೆ. ಈ ಸುದ್ದಿ ನಮ್ಮ ಸಾಹೇಬರ ಕಿವಿಗೂ ಬಿತ್ತು.

"ಒಂದಿನ ನಾನ ಬಂದು ನೋಡ್ತೀನಿ. ಹುಡುಗ್ರಿಗೆ ತಿಳೀಲಿಲ್ಲಂದ್ರ ಗುಡಾರ ಮಡಚಿ ಇಡ್ರಿ, ನೀವು ಆಫೀಸಿನ್ಯಾಗ ಕುಂಡ್ರಿ" ಎಂದರು. ಆಫೀಸಿನಲ್ಲಿ ಕೂರುವುದೆಂದರೆ ನನಗೆ ಆಗದ ಮಾತು.

ಅಡಿಗಿ ಅಕ್ಕ

ಲಕ್ಷ್ಮೇಶ್ವರದ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಅಕ್ಕನೂ ಮಕ್ಕಳ ಜೊತೆ ಬಂದು ಕುಳಿತರು. ತುಂಬು ಮೈಯ ಹೆಂಗಸು. ಚಂದ್ರ ಸಣ್ಣವ, ಸೆಳೆತ ಕಡಿಮೆ, ಅದಕ್ಕೇ ಗಾಳಿ ಅವನನ್ನು ಬಿಟ್ಟು ಹೋಯಿತು. ಭೂಮಿ ದೊಡ್ಡದು, ಹಿಡಿದಿಟ್ಟುಕೊಂಡಿತು ಎಂದು ಹೇಳಿದೆ.

"ಖರೆ ಐತಿ ನೋಡ್ರಿ ಸರ" ಎಂದರು ಆಕೆ. "ನನಗ ಮೈ ಬಂದಾಗಿಂದ ವಾಯು ಬಿಟ್ಟು ಹೋಗವಲ್ದು."

ಮಂಗಳ

ಬೆಟಗೇರಿಯಲ್ಲಿ ಮಕ್ಕಳ ಜೊತೆ ಅಪ್ಪಂದಿರನ್ನೂ ಬಿಟ್ಟಿದ್ದರು. ಅವರಲ್ಲಿ ಒಬ್ಬರು ನೇಕಾರರು. ಹಿರಿ ಮಗಳ ಜಾತಕದಲ್ಲಿ ಮಂಗಳ ಅಡ್ಡ ಕುಳಿತಿದ್ದಾನೆಂದು ನೋಡಲು ಬಂದ ವರಗಳೆಲ್ಲ ತಿರುಗಿ ಹೋಗುತ್ತಿದ್ದರಂತೆ. ನನಗೇನು ಗೊತ್ತು? ಮಂಗಳನೂ ಸಣ್ಣವನೇ, ಇದ್ದ ಗಾಳಿಯಲ್ಲಿ ಹೆಚ್ಚಿನದನ್ನು ಸೂರ್ಯನ ಕಡೆಯಿಂದ ಬೀಸುವ ಸೌರಮಾರುತ ಹೊತ್ತೊಯ್ಯಿತು, ತಡೆಯಲು ಅವನ ಕೈಲಾಗಲಿಲ್ಲ ಎಂದುಬಿಟ್ಟೆ. ನೇಕಾರರು ಕತ್ತಲಲ್ಲೇ ದಡಕ್ಕನೆ ಎದ್ದು ನಿಂತರು.

"ಅಲ್ರೀ ಸರ, ತನ್ನ ಗಾಳೀನ ಹಿಡಕೊಳ್ಳಾಕ ಆಗದಾಂವ, ನನ್ನ ಮಗಳ ಲಗ್ನ ಹೆಂಗ ಹಿಡದಾನ್ರೀ?"

ಸಾಹೇಬರು

ಮುಂಡರಗಿ ಕಡೆಯ ಹಮ್ಮಿಗಿಯಲ್ಲಿ ಸಾಹೇಬರು ಬಂದೇಬಿಟ್ಟರು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ತೆವಳಿಕೊಂಡು ಒಳಗೆ ಬಂದು ಕುಳಿತರು. ನಾನು ದೇವರನ್ನು ನೆನೆದು, "ಈಗ ಬುಧ" ಎಂದೆ. ಕರೆಂಟು ಹೋಯಿತು. ಫ್ಯಾನು ನಿಂತಿತು. ಗುಡಾರ ಮೆಲ್ಲಗೆ ಇಳಿದು ಮಕ್ಕಳ ಮೇಲೆ, ನನ್ನ ಮೇಲೆ, ಕೊನೆಗೆ ಸಾಹೇಬರ ಮೇಲೆ ಹಾಸಿಕೊಂಡಿತು. ಮಕ್ಕಳಿಗೆ ಖುಷಿಯೋ ಖುಷಿ. ನನ್ನ ಕಣ್ಣಿಗೆ ಮಾತ್ರ ಆಫೀಸಿನ ಕುರ್ಚಿ ಕಟ್ಟಿತು.

ಹೇಗೋ ಎಲ್ಲರೂ ಹೊರಗೆ ಬಿದ್ದೆವು. ಸಾಹೇಬರು ಅಂಗಿಯ ಧೂಳು ಕೊಡವುತ್ತ, ಎದುರಿಗಿದ್ದ ಹುಡುಗಿಯನ್ನು ಕೇಳಿದರು: "ಹೇಳವಾ, ಬುಧನ ಮ್ಯಾಲ ಗಾಳಿ ಯಾಕಿಲ್ಲ?"

ಆಕೆ ಯೋಚಿಸಲೂ ಇಲ್ಲ. "ಅಲ್ಲೂ ಕರೆಂಟ್ ಹೋಗೇತ್ರೀ ಸರ."

ಸಾಹೇಬರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರಿಗೆ ನಗು ತಡೆಯಲಾಗಲಿಲ್ಲ.

"ಆತು, ಗುಡಾರ ಇರಲಿ. ಒಂದು ಜನರೇಟರ್ ಕೊಡಸ್ತೀನಿ" ಎಂದರು.

ನನಗೋ, ಬುಧನಿಗೋ ಎಂದು ಕೇಳಲು ನಾನು ಹೋಗಲಿಲ್ಲ.