ಮಾಳಿಗೆಯ ಮೇಲೆ ಇಟಲಿ

ಗಂಗಾಧರ ಪಾಸ್ತಾವನ್ನು ಒಣಗಲು ಹರಡಿ ಮುಗಿಸುವುದಕ್ಕೂ ಫ್ಯಾನು ನಿಲ್ಲುವುದಕ್ಕೂ ಸರಿಹೋಯಿತು. ಮದ್ರಾಸಿನವರು ಕತ್ತಿರಿ ಎನ್ನುವ ಸುಡುಬಿಸಿಲಿನ ಮೇ ತಿಂಗಳು. ವೆಸ್ಟ್ ಮಾಂಬಲಂನಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ದೇವರೇ ಬಲ್ಲ. ಬೆಳಗಿನ ಜಾವ ಎದ್ದು ಚಿರೋಟಿ ರವೆ ನಾದಿ, ಲಟ್ಟಿಸಿ, ರಿಬ್ಬನ್ನಿನಂತೆ ಕತ್ತರಿಸಿದ್ದ ಪಾಸ್ತಾ, ಇಂಟರ್‌ವ್ಯೂಗೆ ಬಂದ ಹುಡುಗನ ಹಾಗೆ ಬೆವರತೊಡಗಿತು.

ರಾತ್ರಿ ಊಟಕ್ಕೆ ಮ್ಯಾನೇಜರ್ ಭೋಜರಾಜರು ಬರುವವರಿದ್ದರು. ಕಂಪನಿ ಒಬ್ಬರನ್ನು ಎರಡು ವರ್ಷಕ್ಕೆ ಇಟಲಿಗೆ ಕಳಿಸುವುದಿತ್ತು. ಹಿಂದೆ ಹೋದ ರವಿಕಿರಣ್ ಸಾರಿಲ್ಲದೆ ಸೊರಗಿ ತಿಂಗಳಲ್ಲೇ ಓಡಿಬಂದಿದ್ದ. "ಈ ಸಲ ಅಲ್ಲಿಯ ಊಟ ಉಣ್ಣುವವನನ್ನೇ ಕಳಿಸುವುದು ಮಾರಾಯ" ಎಂದಿದ್ದರು ಭೋಜರಾಜರು. ಹೋದ ವರ್ಷ ಟ್ರೈನಿಂಗಿಗೆಂದು ಹೋಗಿ ಇಟಲಿಯ ರುಚಿ ಹತ್ತಿಸಿಕೊಂಡು ಬಂದಿದ್ದ ಗಂಗಾಧರ, "ಕೈಯಾರೆ ಪಾಸ್ತಾ ಮಾಡ್ತೀನಿ, ಬನ್ನಿ ಸಾರ್" ಎಂದುಬಿಟ್ಟಿದ್ದ.

"ಹೋಟ್ಲಿಂದ ಏನಾದ್ರೂ ತರಿಸ್ರೀ" ಎಂದಳು ಹೆಂಡತಿ ರಚನಾ.

"ಪ್ರಾಣ ಹೋದ್ರೂ ಇಲ್ಲ!"

ಪಾಸ್ತಾವನ್ನು ಹೊತ್ತು ಮಾಳಿಗೆ ಹತ್ತಿದ. ಅಲ್ಲಿ ಇಡೀ ಬಿಲ್ಡಿಂಗಿನ ಸಂಡಿಗೆ ಒಣಗುತ್ತಿತ್ತು. ಪಕ್ಕದಲ್ಲೇ ಬಿಳಿ ಪಂಚೆ ಹಾಸಿ, ಹರಡಿ, ಸಂಜೆಯವರೆಗೂ ಕೊಡೆ ಬೀಸಿ ಕಾಗೆ ಓಡಿಸಿದ. ಅಷ್ಟರಲ್ಲಿ ಬೀದಿಗೆ ನೀರಿನ ಲಾರಿ ಬಂತು. ಕೊಡ ಹಿಡಿದು ಓಡಿದ. ಜಗಳವಾಡಿ ನೀರು ಹಿಡಿದು ವಾಪಸು ಬಂದರೆ ಪಂಚೆ ಮಾತ್ರ ಇತ್ತು, ನೀಟಾಗಿ ಮಡಚಿಟ್ಟಿದ್ದರು. ಮೇಲಿನ ಮನೆಯಿಂದ ಎಣ್ಣೆಯ ಘಮ.

"ಮಾಮಿ! ನನ್ನ ಪಾಸ್ತಾ..."

"ಕಾಗೆ ಬಾಯಿ ಹಾಕ್ತಿತ್ತು ಪಾ, ತಂದ್ಬಿಟ್ಟೆ." ಮದ್ರಾಸಿನಲ್ಲೇ ತಲೆ ನೆರೆದಿದ್ದ ಜಯಲಕ್ಷ್ಮಮ್ಮ ಬಾಣಲೆಯಿಂದ ಕೊನೆಯದನ್ನು ಎತ್ತುತ್ತಿದ್ದರು. "ಪಾವಂ, ಮನೆಗೆ ಆಫೀಸರ್ ಬರ್ತಾರಂತೆ, ನೀನು ವಡಾಂಗೆ, ಅದೇ ಸಂಡಿಗೆಗೆ, ಉಪ್ಪೇ ಹಾಕಿಲ್ವಲ್ಲಪ್ಪಾ! ಕರಿದು, ಮೇಲಿಂದ ಖಾರದ ಪುಡಿ, ಇಂಗು ಉದುರಿಸಿ ಹೇಗೋ ಸರಿಮಾಡಿದ್ದೀನಿ. ಸಾಂಬಾರೂ ಕೊಡ್ತೀನಿ, ಭಯಪಡಬೇಡ."

ಕೆಳಗೆ ಭೋಜರಾಜರ ಕಾರು ನಿಂತಿತು.

ಗಂಗಾಧರ ಸೋಲಲಿಲ್ಲ. ಕರಿದದ್ದನ್ನೇ ತಟ್ಟೆಯಲ್ಲಿ ಜೋಡಿಸಿ, ಮೇಲೊಂದು ತುಳಸಿ ಎಲೆ ಇಟ್ಟು, "ಇಟಲಿಯ ಪಾಸ್ತಾ ಸಾರ್" ಎಂದ.

ಭೋಜರಾಜರು ಕರುಂ ಎಂದು ಕಚ್ಚಿದರು. ಕಣ್ಣು ಮುಚ್ಚಿದರು. "ಎಂತ ಇಟಲಿ ಮಾರಾಯ? ನಮ್ಮ ಅಜ್ಜಿಯ ಸಂಡಿಗೆ!"

"ಆಣೆಗೂ ಪಾಸ್ತಾನೇ ಸಾರ್!"

ಸಾಂಬಾರಿನ ಪಾತ್ರೆ ಹಿಡಿದು ಒಳಗೆ ಬಂದ ಜಯಲಕ್ಷ್ಮಮ್ಮ ಅಭಿಮಾನದಿಂದ, "ಬೆಳಗ್ಗೆಯಿಂದ ಬಿಸಿಲಲ್ಲಿ ಕೂತು, ಕಾಗೆ ಓಡಿಸಿ ಅವನೇ ಒಣಗಿಸಿದ್ದು" ಎಂದರು.

ತಟ್ಟೆ ಖಾಲಿಯಾದ ಮೇಲೆ ಭೋಜರಾಜರು ಗಂಗಾಧರನ ಹೆಗಲ ಮೇಲೆ ಕೈಯಿಟ್ಟರು. "ಆದಿತ್ಯವಾರ ಕಾಗೆ ಓಡಿಸಿ ಸಂಡಿಗೆ ಹಾಕುವವ ನೀನು. ಅಲ್ಲಿ ವಾರವೂ ನಿಲ್ಲಲಿಕ್ಕಿಲ್ಲ. ನಮ್ಮ ಆಫೀಸಿನ ಜಯಪ್ರಕಾಶ ಹೋಗಲಿ."

"ಸಾರ್..."

"ಒಂದು ಉಪಕಾರ ಮಾಡು. ಅವನಿಗೊಂದು ಡಬ್ಬ ಇದನ್ನೇ ಒಣಗಿಸಿಕೊಡು, ಕರಿಯುವುದು ಬೇಡ. ಪಾಪ, ಇಟಲಿಯಲ್ಲಿ ಇಂಥದ್ದೆಲ್ಲ ಎಲ್ಲಿ ಸಿಗ್ತದೆ?"

ಮರುವಾರ ಗಂಗಾಧರ ಮತ್ತೆ ಕೊಡೆ ಹಿಡಿದು ಮಾಳಿಗೆ ಹತ್ತಿದ. ಈ ಸಲ ಉಪ್ಪು ಹಾಕಿದ್ದ.